ಸತ್ತಿದೆ ಅಂದುಕೊಂಡ ಸರ್ವರ್

ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಫೋನ್ ಬಂತು. "ಸರ್, ಎರಡ ಬಿಲ್ಲಿಗೆ ಒಂದ ನಂಬರ್ ಬಂದೈತ್ರಿ."

ಹುಬ್ಬಳ್ಳಿಯ ಒಂದು ಔಷಧ ಹೋಲ್‌ಸೇಲ್ ಅಂಗಡಿ ಅದು. ನೆಲಮಹಡಿಯಲ್ಲಿ ನಾಲ್ಕು ಬಿಲ್ಲಿಂಗ್ ಕೌಂಟರ್, ಮೇಲೆ ಮೂರು. ಎರಡು ಸರ್ವರ್ ಇಟ್ಟು, ಒಂದು ಸತ್ತರೆ ಇನ್ನೊಂದು ಕೆಲಸ ಎತ್ತಿಕೊಳ್ಳುವಂತೆ ಕ್ಲಸ್ಟರ್ ಮಾಡಿಕೊಟ್ಟವನು ನಾನೇ. 4417ನೇ ನಂಬರಿನ ಒಂದು ಬಿಲ್ ಗದಗಕ್ಕೆ ಹೋಗಿತ್ತು, ಅದೇ ನಂಬರಿನ ಇನ್ನೊಂದು ಧಾರವಾಡಕ್ಕೆ. ಕೈಯಲ್ಲಿದ್ದ ರೊಟ್ಟಿ ಅಲ್ಲೇ ಬಿಟ್ಟು ಎದ್ದೆ.

ಸ್ಟೋರೇಜ್ ಕತೆ ಮೊದಲು ಹೇಳಬೇಕು. ಒಂದು ನ್ಯಾಸ್ ಪೆಟ್ಟಿಗೆಯಿಂದ (ನೆಟ್‌ವರ್ಕಿಗೆ ಹಾಕುವ ಸ್ಟೋರೇಜ್) ಐಸ್ಕಝಿ, ಅಂದರೆ ನೆಟ್‌ವರ್ಕಿನಲ್ಲೇ ಡಿಸ್ಕ್ ಕೊಡುವ ವಿಧಾನದ ಮೂಲಕ, ಎರಡೂ ಸರ್ವರಿಗೆ ಒಂದೇ ಡಿಸ್ಕ್ ಕೊಡುವುದು ಸುಲಭವಿತ್ತು. ಆದರೆ ಆ ಪೆಟ್ಟಿಗೆಯೇ ಕೈಕೊಟ್ಟರೆ? ಸರ್ವರ್ ಎರಡಿದ್ದೂ ದಂಡ. ಎರಡು ಕಂಟ್ರೋಲರ್ ಇರುವ ಸ್ಯಾನ್ (ಸರ್ವರುಗಳು ಹಂಚಿಕೊಳ್ಳುವ ದೊಡ್ಡ ಸ್ಟೋರೇಜ್) ಬೆಲೆ ಹೇಳಿದಾಗ ಮಾಲೀಕರು ಸುಮ್ನೆ ನಕ್ಕರು. ಬಿಲ್‌ಗಳ ಪಿಡಿಎಫ್ ಬೇರೆ ಫೋಲ್ಡರಿನಲ್ಲಿ ಕೂರುವುದರಿಂದ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್‌ನ ರೆಪ್ಲಿಕೇಶನ್ (ಇನ್ನೊಂದು ಸರ್ವರಿಗೆ ನಕಲು) ಒಂದೇ ಸಾಲುತ್ತಿರಲಿಲ್ಲ. ಹಾಗಾಗಿ ಡಿಆರ್‌ಬಿಡಿ ಹಾಕಿದೆ. ಒಂದು ಸರ್ವರಿನ ಡಿಸ್ಕಿಗೆ ಬರೆದದ್ದನ್ನೆಲ್ಲ ನೆಟ್‌ವರ್ಕ್ ಮೂಲಕ ಇನ್ನೊಂದರ ಡಿಸ್ಕಿಗೂ ಬರೆಯುತ್ತದೆ. 2010ರಲ್ಲಿ ಬಂದ 2.6.33 ಆವೃತ್ತಿಯಿಂದ ಲಿನಕ್ಸ್ ಕರ್ನಲ್ ಒಳಗೇ ಇದೆ. ಅದರಲ್ಲಿ ಪ್ರೋಟೋಕಾಲ್ ಸಿ ಅನ್ನುವ ಸೆಟ್ಟಿಂಗ್ ಇಟ್ಟರೆ, ಎರಡೂ ಡಿಸ್ಕಿಗೆ ಬಿದ್ದ ಮೇಲೇ 'ಬರೆದಾಯ್ತು' ಅನ್ನುತ್ತದೆ. ಅದನ್ನೇ ಇಟ್ಟು ನಿಶ್ಚಿಂತೆಯಿಂದ ಇದ್ದೆ.

ಅಲ್ಲೇ ಎಡವಿದ್ದು. ಜೊತೆಯವನ ಸಂಪರ್ಕ ತಪ್ಪಿದರೆ ಪ್ರೋಟೋಕಾಲ್ ಸಿ ಕೂಡ ಒಬ್ಬನೇ ಬರೆಯುತ್ತಾ ಹೋಗುತ್ತದೆ.

ಒಂದು ಸರ್ವರ್ ಕೆಳಗೆ, ಒಂದು ಮೇಲೆ. ನಡುವೆ ಒಂದೇ ಕೇಬಲ್. ಫ್ಯಾನ್ ಪಾಯಿಂಟ್ ಹಾಕಲು ಬಂದ ಎಲೆಕ್ಟ್ರಿಷಿಯನ್ ಫಾಲ್ಸ್ ಸೀಲಿಂಗ್ ಒಳಗೆ ಅದನ್ನು ಕತ್ತರಿಸಿದ್ದ. ಮೇಲಿನ ಸರ್ವರ್ 'ಕೆಳಗಿನದು ಸತ್ತಿತು' ಅಂದುಕೊಂಡು ಡಿಸ್ಕ್ ಮೌಂಟ್ ಮಾಡಿ, ಡೇಟಾಬೇಸ್ ಎಬ್ಬಿಸಿ, ಕೌಂಟರುಗಳು ಸರ್ವರನ್ನು ಹುಡುಕುವ ಅದೇ ಐಪಿ ವಿಳಾಸ ಎತ್ತಿಕೊಂಡಿತು. ಕೆಳಗಿನದು ಆರಾಮಾಗಿ ಬದುಕಿತ್ತು. ಹೊರಗಿನಿಂದ ನೋಡಿದರೆ ಎಲ್ಲಾ ಚೆನ್ನಾಗಿಯೇ ನಡೆಯುತ್ತಿತ್ತು!

ಇದಕ್ಕೆ ಮದ್ದು ಕ್ಲಸ್ಟರ್ ನಡೆಸುವ ತಂತ್ರಾಂಶ ಪೇಸ್‌ಮೇಕರ್‌ನಲ್ಲೇ ಇದೆ, ಸ್ಟೋನಿತ್ ಅಂತ. ಎದುರಿನ ನೋಡ್‌ನ (ಅಂದರೆ ಸರ್ವರಿನ) ತಲೆಗೆ ಗುಂಡು ಹೊಡೆ ಅನ್ನುವ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಉತ್ತರ ಕೊಡದ ಸರ್ವರ್ ಸತ್ತಿದೆ ಅಂತ ಊಹಿಸಬೇಡ, ಕರೆಂಟ್ ತೆಗೆದು ಖಾತ್ರಿ ಮಾಡಿಕೊ, ಆಮೇಲೆ ಡಿಸ್ಕ್ ಮುಟ್ಟು. ನಾನು ಸೆಟಪ್ ಮಾಡುವಾಗ ಅದು ಎರರ್ ಕೊಡುತ್ತಿತ್ತು ಅಂತ 'ಆಮೇಲೆ ನೋಡೋಣ' ಎಂದು ಆಫ್ ಮಾಡಿದ್ದೆ. ಆ ಆಮೇಲೆ ಬರಲೇ ಇಲ್ಲ.

ಕೇಬಲ್ ಸರಿಯಾದಾಗ ಡಿಆರ್‌ಬಿಡಿ ಸ್ಪ್ಲಿಟ್ ಬ್ರೇನ್ (ಎರಡು ಕಡೆ ಬೇರೆ ಬೇರೆ ಡೇಟಾ) ಅಂತ ಲಾಗ್ ಬರೆದು ಮತ್ತೆ ಕೂಡಿಕೊಳ್ಳಲು ಒಪ್ಪಲಿಲ್ಲ. ಒಪ್ಪದೇ ಇದ್ದದ್ದೇ ಪುಣ್ಯ. ಕೆಳಗೆ ಬಿಲ್ ಜಾಸ್ತಿ ಆಗಿದ್ದವು, ಹಾಗಾಗಿ ಅದನ್ನು ಉಳಿಸುವುದು ಅಂತ ತೀರ್ಮಾನಿಸಿದೆ. ಮೇಲಿನದರ ಡೇಟಾಬೇಸ್ ಡಂಪ್ (ಪೂರ್ತಿ ನಕಲು) ತೆಗೆದು, ಪಿಡಿಎಫ್ ಫೋಲ್ಡರನ್ನೂ ಬೇರೆ ಡಿಸ್ಕಿಗೆ ಹಾಕಿಕೊಂಡು, ಆಮೇಲೆ ಅದಕ್ಕೆ 'ಡಿಸ್ಕಾರ್ಡ್ ಮೈ ಡೇಟಾ', ಅಂದರೆ ನಿನ್ನ ಡೇಟಾ ಬಿಸಾಕು ಅನ್ನುವ ಆಜ್ಞೆ ಕೊಟ್ಟೆ. ಎಂಟರ್ ಒತ್ತುವ ಮೊದಲು ಯಾವ ಸರ್ವರಿನಲ್ಲಿ ಇದ್ದೀನಿ ಅಂತ ಮೂರು ಸಲ ನೋಡಿಕೊಂಡೆ. ಮೇಲಿನ 31 ಬಿಲ್‌ಗಳನ್ನು ಹುಡುಗರು ಸಂಜೆ ಕೂತು ಕೈಯಿಂದ ಮತ್ತೆ ಏರಿಸಿದರು.

ಮುಂದಿನ ಭಾನುವಾರ ಎರಡೂ ಸರ್ವರನ್ನು ಒಂದೇ ಕೋಣೆಗೆ ತಂದೆ, ಯುಪಿಎಸ್ ಮಾತ್ರ ಬೇರೆ ಬೇರೆ. ಬೆಂಕಿ ಬಿದ್ದರೆ ಎರಡೂ ಹೋಗುತ್ತವೆ, ನಿಜ. ಅದಕ್ಕೆ ಬೇರೆ ಕಡೆ ಇಟ್ಟ ಬ್ಯಾಕಪ್ ಇದೆ. ಡಿಆರ್‌ಬಿಡಿಗೆ ಸರ್ವರಿನಿಂದ ಸರ್ವರಿಗೆ ನೇರ ಕೇಬಲ್, ಸರ್ವರುಗಳು 'ಬದುಕಿದ್ದೀಯಾ' ಅಂತ ಪರಸ್ಪರ ಕೇಳಿಕೊಳ್ಳುವ ಕೊರೊಸಿಂಕ್‌ಗೆ ಎರಡು ದಾರಿ, ಫೆನ್ಸಿಂಗ್‌ಗೆ (ಆ ಗುಂಡು ಹೊಡೆಯುವ ಕೆಲಸಕ್ಕೆ) ಐಪಿಎಂಐ, ಅಂದರೆ ಸರ್ವರಿನೊಳಗೇ ಇದ್ದು ದೂರದಿಂದ ಅದನ್ನು ಆಫ್ ಮಾಡಲು ಬಿಡುವ ವ್ಯವಸ್ಥೆ. ಪೇಸ್‌ಮೇಕರ್‌ನಲ್ಲಿ ಮಾತ್ರ ಮಾಡಿದರೆ ಸಾಲದು, ಡಿಆರ್‌ಬಿಡಿ ಕಡೆಯೂ ಫೆನ್ಸಿಂಗ್ ಆನ್ ಮಾಡಬೇಕು. ಐಪಿ ಎಲ್ಲಕ್ಕಿಂತ ಕೊನೆಗೆ ಏಳುವಂತೆ ಕ್ರಮ ಇಟ್ಟೆ. ಡೇಟಾಬೇಸ್ ಎದ್ದಿರದಿದ್ದರೆ ಕೌಂಟರುಗಳು ಬಾಗಿಲು ಬಡಿದು ಏನು ಪ್ರಯೋಜನ, ಅಲ್ವಾ?

ಮೊದಲ ಪರೀಕ್ಷೆಯಲ್ಲಿ ಕೊರೊಸಿಂಕ್ ಕೇಬಲ್‌ಗಳನ್ನು ಕಿತ್ತಾಗ ಎರಡೂ ಸರ್ವರ್ ಒಟ್ಟಿಗೇ ಗುಂಡು ಹಾರಿಸಿ, ಎರಡೂ ರೀಬೂಟ್ ಆದವು. ಒಂದನೇ ಸರ್ವರಿಗೆ ಬೀಳುವ ಗುಂಡನ್ನು 10 ಸೆಕೆಂಡ್ ತಡ ಮಾಡಿದೆ, ಜಗಳ ಮುಗಿಯಿತು. ಎರಡನೇ ಪರೀಕ್ಷೆಯಲ್ಲಿ ನಡೆಯುತ್ತಿದ್ದ ಸರ್ವರಿನ ಪವರ್ ಕಾರ್ಡ್ ಎಳೆದೆ. ಏನೂ ಆಗಲಿಲ್ಲ. ಇನ್ನೊಂದು ಸುಮ್ಮನೆ ಕಾಯುತ್ತಾ ಕೂತಿತು. ಆಮೇಲೆ ಹೊಳೆಯಿತು. ಕರೆಂಟ್ ಹೋದಾಗ ಐಪಿಎಂಐ ಕೂಡ ಸಾಯುತ್ತದೆ. 'ಆಫ್ ಆಯ್ತಾ' ಅಂದರೆ ಉತ್ತರ ಹೇಳುವವರೇ ಇಲ್ಲ. ನೆಟ್‌ವರ್ಕಿನಿಂದ ಪ್ಲಗ್ ಆಫ್ ಮಾಡಬಹುದಾದ ಪವರ್ ಸ್ಟ್ರಿಪ್ ತರಿಸಿ, ಅದನ್ನು ಎರಡನೇ ಹಂತದ ಫೆನ್ಸಿಂಗ್ ಆಗಿ ಸೇರಿಸಿದೆ.

ಅದನ್ನು ಸೇರಿಸಿದ ಮೇಲೆ ಮತ್ತೆ ಮಾಡಿದ ಪರೀಕ್ಷೆಗೆ ಮಾಲೀಕರೂ ಚಹಾ ಹಿಡಿದುಕೊಂಡು ಬಂದು ನಿಂತಿದ್ದರು. ಕಾರ್ಡ್ ಎಳೆದ 50 ಸೆಕೆಂಡಿಗೆ ಕೌಂಟರಿನಲ್ಲಿ ಬಿಲ್ ಬಂತು, ಸರಿಯಾದ ನಂಬರೇ. ಅವರು ಎರಡನೇ ಸರ್ವರನ್ನೇ ನೋಡುತ್ತಿದ್ದರು.

"ಅಂದ್ರ ಉಳಿದ ಹೊತ್ತಿನ್ಯಾಗ ಇದು ಖಾಲಿನ ಕುಂತಿರ್ತದೇನ್ರಿ? ಇದಕ್ಕ ಸಿಸಿ ಕ್ಯಾಮೆರಾ ರೆಕಾರ್ಡಿಂಗ್ ಹಾಕಿದ್ರ?"

"ಬ್ಯಾಡ್ರೀ" ಅಂದೆ.