ಮದುವೆ ಫೋಟೋಗೆ ಮೆಮೊರಿ ಕಾರ್ಡ್: ನಾನು ಲೆಕ್ಕ ಹಾಕುವ ರೀತಿ

ಎಸ್‌ಡಿ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ 170, 200 ಎಂಬಿ ಎಂದು ಬರೆದಿರುತ್ತದಲ್ಲ, ಕೊಳ್ಳುವಾಗ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಓದುವ ವೇಗ, ಮನೆಗೆ ಬಂದು ಕಂಪ್ಯೂಟರಿಗೆ ಕಾಪಿ ಮಾಡುವಾಗಿನದು. ಅದೂ ಆ ವೇಗಕ್ಕೆಂದೇ ಮಾಡಿದ ರೀಡರ್ ಇದ್ದರೆ ಮಾತ್ರ, ಯಾಕೆಂದರೆ ಯುಎಚ್‌ಎಸ್-1 ಎಂಬ ವೇಗದ ದರ್ಜೆಯ ಕಾರ್ಡುಗಳಿಗೆ ನಿಗದಿಯಾದ ಮಿತಿಯೇ ಸೆಕೆಂಡಿಗೆ 104 ಎಂಬಿ. ಕ್ಯಾಮೆರಾಗೆ ಬೇಕಿರುವುದು ಬರೆಯುವ ವೇಗ. ಅದು ಸಾಮಾನ್ಯವಾಗಿ ಪ್ಯಾಕೆಟಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಕೆಲವು ಸಲ ಇರುವುದೇ ಇಲ್ಲ. ಇಲ್ಲದ ಕಾರ್ಡನ್ನು ನಾನು ಕೊಳ್ಳುವುದಿಲ್ಲ.

ಬರೆಯುವ ವೇಗದ ಬೆಲೆ ಗೊತ್ತಾಗುವುದು ಅಂತರಪಟ ಸರಿದು ಜೀರಿಗೆ-ಬೆಲ್ಲ ಹಾಕುವಾಗ, ಇಲ್ಲವೇ ಗಟ್ಟಿಮೇಳ ಶುರುವಾದಾಗ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್, ಅಂದರೆ ಸಂಸ್ಕರಿಸದ ಕಚ್ಚಾ ಫೋಟೋ, ಸುಮಾರು 25ರಿಂದ 30 ಎಂಬಿ. ಸೆಕೆಂಡಿಗೆ 8 ಫ್ರೇಮ್ ಹೊಡೆದರೆ 200 ಎಂಬಿ ದಾಟಿತು. ಅಷ್ಟನ್ನು ಸಾಮಾನ್ಯ ಕಾರ್ಡ್ ನುಂಗಲಾರದು. ಹಾಗಾಗಿ ಫೋಟೋ ಮೊದಲು ಕ್ಯಾಮೆರಾದ ಬಫರ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ಕೂತು, ಅಲ್ಲಿಂದ ಕಾರ್ಡಿಗೆ ಇಳಿಯುತ್ತದೆ. ಬಫರಿನಲ್ಲಿ 30 ರಾ ಇವೆ ಎಂದಿಟ್ಟುಕೊಳ್ಳಿ, ಸುಮಾರು 840 ಎಂಬಿ. ನಿಜವಾಗಿ 35 ಎಂಬಿಯಲ್ಲಿ ಬರೆಯುವ ಕಾರ್ಡ್ ಅದನ್ನು ಖಾಲಿ ಮಾಡಲು 24 ಸೆಕೆಂಡ್ ತೆಗೆದುಕೊಳ್ಳುತ್ತದೆ. 80 ಎಂಬಿಯದು ಹತ್ತೂವರೆ ಸೆಕೆಂಡ್. 200 ಎಂಬಿಯದು ನಾಲ್ಕು ಚಿಲ್ಲರೆ. 24 ಸೆಕೆಂಡಿನಲ್ಲಿ ತಾಳಿ ಕಟ್ಟಿ ಮುಗಿದಿರುತ್ತದೆ. ಬಫರ್ ತುಂಬಿರುವಾಗ ಶಟರ್ ಒತ್ತಿದರೆ ಕ್ಯಾಮೆರಾ ಆಗೊಂದು ಈಗೊಂದು ತೆಗೆಯುತ್ತದೆ, ಜನ ಕ್ಯಾಮೆರಾ ಹ್ಯಾಂಗ್ ಆಯಿತು ಅಂದುಕೊಳ್ಳುತ್ತಾರೆ.

ಹಾಗೆಂದು ದುಬಾರಿ ಕಾರ್ಡ್ ತಂದರೆ ಆಯಿತು ಎಂದಲ್ಲ. ಮೊದಲು ಸ್ಲಾಟ್ ನೋಡಬೇಕು. ಯುಎಚ್‌ಎಸ್-2 ಕಾರ್ಡಿನ ಬೆನ್ನಲ್ಲಿ ಸಂಪರ್ಕದ ಪಟ್ಟಿಗಳು ಎರಡು ಸಾಲಿರುತ್ತವೆ. ಸ್ಲಾಟಿನಲ್ಲಿ ಎರಡನೇ ಸಾಲಿಗೆ ಜೋಡಿ ಇಲ್ಲದಿದ್ದರೆ ಅದು ಯುಎಚ್‌ಎಸ್-1 ಕಾರ್ಡಿನ ಹಾಗೆಯೇ ನಡೆಯುತ್ತದೆ. ನಿಕಾನ್ ಡಿ750ಯಲ್ಲಿ ಎರಡೂ ಸ್ಲಾಟ್ ಯುಎಚ್‌ಎಸ್-1, ಅದಕ್ಕೆ ಎರಡನೇ ಬಗೆಯದು ದಂಡ. ಸೋನಿ ಎ7-3ರಲ್ಲಿ ಒಂದನೇ ಸ್ಲಾಟ್ ಯುಎಚ್‌ಎಸ್-2, ಎರಡನೆಯದು ಯುಎಚ್‌ಎಸ್-1. ಇದರಲ್ಲಿ ಎರಡಕ್ಕೂ ರಾ ಬರೆಸಿದರೆ ಬಫರ್ ಖಾಲಿಯಾಗುವುದು ನಿಧಾನದ ಸ್ಲಾಟಿನ ವೇಗದಲ್ಲೇ. ಈ ಬಾಡಿಯಲ್ಲಿ ಒಂದನೆಯದಕ್ಕೆ ರಾ, ಎರಡನೆಯದಕ್ಕೆ ದೊಡ್ಡ ಜೇಪೆಗ್ ಹಾಕುವುದು ನನಗೆ ಸರಿ ಕಂಡಿದೆ. ಒಂದು ಕಾರ್ಡ್ ಕೆಟ್ಟರೂ ಜೇಪೆಗ್‌ನಿಂದ ಆಲ್ಬಂ ಮಾಡಬಹುದು. ಕ್ಯಾನನ್ ಆರ್6 ಮಾರ್ಕ್ 2ರಂತೆ ಎರಡೂ ಯುಎಚ್‌ಎಸ್-2 ಇದ್ದರೆ ಎರಡಕ್ಕೂ ರಾ.

ವಿಡಿಯೋ ಲೆಕ್ಕ ಬೇರೆ. ಕ್ಯಾಮೆರಾ ಮೆನುವಿನಲ್ಲಿ ಇರುವುದು ಮೆಗಾಬಿಟ್, ಕಾರ್ಡಿನ ಮೇಲೆ ಇರುವುದು ಮೆಗಾಬೈಟ್, ಎಂಟರಿಂದ ಭಾಗಿಸಬೇಕು. 100 ಮೆಗಾಬಿಟ್‌ನ 4ಕೆ ಅಂದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಇದಕ್ಕೆ ಯು3 ಅಥವಾ ವಿ30 ಗುರುತು ಸಾಕು. ಆ ಗುರುತು ಇರುವುದು ಬರಹ 30 ಎಂಬಿಗಿಂತ ಕೆಳಗೆ ಇಳಿಯದು ಎಂಬ ಭರವಸೆಗೆ. 400 ಮೆಗಾಬಿಟ್ ಅಂದರೆ 50 ಎಂಬಿ, ಆಗ ವಿ60 ಬೇಕು. ವಿ90 ಕಾರ್ಡಿಗೆ ದುಡ್ಡು ಸುರಿಯುವ ಮೊದಲು ನಿಮ್ಮ ಕ್ಯಾಮೆರಾದಲ್ಲಿ ಅಷ್ಟು ಬೇಡುವ ಮೋಡ್ ಇದೆಯೇ ನೋಡಿ. ರಿಸೆಪ್ಷನ್‌ನಲ್ಲಿ ಸಾಲಾಗಿ ನಿಂತವರನ್ನು ಯಾರೂ 400 ಮೆಗಾಬಿಟ್‌ನಲ್ಲಿ ತೆಗೆಯುವುದಿಲ್ಲ.

ಎಷ್ಟು ಜಿಬಿ? 64 ಜಿಬಿ ಕಾರ್ಡನ್ನು ವಿಂಡೋಸ್ 59 ಚಿಲ್ಲರೆ ಎಂದು ತೋರಿಸುತ್ತದೆ, ಅದು ಮೋಸವಲ್ಲ, ಎಣಿಕೆಯ ವ್ಯತ್ಯಾಸ. ಅದರಲ್ಲಿ 28 ಎಂಬಿಯ ರಾ ಸುಮಾರು 2200 ಹಿಡಿಯುತ್ತವೆ. ಒಂದೇ ಸ್ಲಾಟಿನ ಬಾಡಿಯಾದರೆ ನಾನು 64ರದ್ದೇ ಹಾಕಿ, ವರಪೂಜೆ ಮುಗಿದ ಮೇಲೆ ಮತ್ತು ಧಾರೆಗೆ ಮೊದಲು ಬದಲಿಸುತ್ತೇನೆ, ತುಂಬಿರಲಿ ಬಿಡಲಿ. ಎರಡು ಸ್ಲಾಟ್ ಇದ್ದರೆ 128 ಎರಡು. ಮಂಟಪದ ಅಕ್ಕಿ, ಹೂವಿನ ನಡುವೆ ಕಾರ್ಡ್ ಬದಲಿಸುತ್ತ ಕೂತರೆ ಕೆಡುವುದಕ್ಕಿಂತ ಕಳೆಯುವುದೇ ಹೆಚ್ಚು. ತುಂಬಿದ್ದನ್ನು ಡಬ್ಬಿಯಲ್ಲಿ ಬೋರಲಾಗಿ ಇಡುತ್ತೇನೆ, ಖಾಲಿಯದು ಹೆಸರು ಕಾಣುವಂತೆ. ಮೈಕ್ರೋ ಎಸ್‌ಡಿಯನ್ನು ಅಡಾಪ್ಟರಿಗೆ ಸಿಕ್ಕಿಸಿ ಬಳಸುವುದಿಲ್ಲ. ಸಡಿಲವಾಗುವ ಜಾಗ ಒಂದರ ಬದಲು ಎರಡಾಗುತ್ತದೆ.

ಹೊಸ ಕಾರ್ಡ್ ಎಸ್‌ಪಿ ರಸ್ತೆಯಿಂದ ಬರಲಿ, ಕೊರಿಯರ್‌ನಲ್ಲಿ ಬರಲಿ, ಕೆಲಸಕ್ಕೆ ಇಳಿಸುವ ಮೊದಲು ಪೂರ್ತಿ ತುಂಬಿಸಿ ಪರೀಕ್ಷಿಸುತ್ತೇನೆ. ಅದಕ್ಕೆ ತಂತ್ರಾಂಶ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3. ನಕಲಿ ಕಾರ್ಡಿನೊಳಗೆ 16 ಜಿಬಿಯಷ್ಟೇ ಚಿಪ್ ಇದ್ದು ತನ್ನದು 128 ಎಂದು ಸುಳ್ಳು ಹೇಳಬಹುದು. ಮೊದಲ 16 ಸರಿಯಾಗಿ ಬರೆಯುತ್ತದೆ, ಆಮೇಲಿನದು ಹಳೆಯದರ ಮೇಲೆ ಬೀಳುತ್ತದೆ ಅಥವಾ ಎಲ್ಲೂ ಉಳಿಯುವುದಿಲ್ಲ. ಫೈಲ್ ಹೆಸರು ಕಾಣುತ್ತದೆ, ತೆರೆದರೆ ಅರ್ಧ ಬೂದು. ಹಾಗಾಗಿ ನಾಲ್ಕು ಫೋಟೋ ತೆಗೆದು ನೋಡುವುದು ಪರೀಕ್ಷೆಯಲ್ಲ. 128 ಜಿಬಿಗೆ ಬರೆದು ಓದಲು ಒಂದು ಗಂಟೆಯ ಆಸುಪಾಸು ಬೇಕು. ಕೊನೆಯಲ್ಲಿ ಬರುವ ಸರಾಸರಿ ಬರಹದ ವೇಗವನ್ನು ಮಾರ್ಕರಿನಲ್ಲಿ ಕಾರ್ಡಿನ ಮೇಲೇ ಬರೆದಿಡುತ್ತೇನೆ.

ಫಾರ್ಮ್ಯಾಟ್ ಯಾವಾಗಲೂ ಕ್ಯಾಮೆರಾದಲ್ಲಿ, ಎರಡು ಹಾರ್ಡ್ ಡಿಸ್ಕಿಗೆ ಕಾಪಿಯಾದ ಮೇಲೆ. ಕೆಂಪು ದೀಪ ಮಿನುಗುವಾಗ ಬಾಗಿಲು ತೆಗೆದರೆ, ಬರೆಯುತ್ತಿರುವಾಗ ಬ್ಯಾಟರಿ ಸತ್ತರೆ ಹಾಳಾಗುವುದು ಆ ಒಂದು ಫೋಟೋ ಮಾತ್ರವಲ್ಲ, ಫೈಲ್ ಪಟ್ಟಿಯೇ ಕೆಡಬಹುದು. ಕೈತಪ್ಪಿ ಫಾರ್ಮ್ಯಾಟ್ ಆದರೆ ಅಲ್ಲಿಗೇ ಕಾರ್ಡ್ ತೆಗೆದಿಡಿ. ಸಾಮಾನ್ಯ ಫಾರ್ಮ್ಯಾಟ್ ಪಟ್ಟಿಯನ್ನಷ್ಟೇ ಅಳಿಸುತ್ತದೆ; ಮೇಲೆ ಹೊಸದು ಬೀಳದಿದ್ದರೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶದಲ್ಲಿ ಬಹುಪಾಲು ಮರಳಿ ಸಿಗುತ್ತದೆ.

ಬದಿಯ ಲಾಕ್ ಗುಂಡಿ ಮುರಿದು ಬಿದ್ದರೆ ಕ್ಯಾಮೆರಾ ‘ಲಾಕ್ ಆಗಿದೆ’ ಎನ್ನುತ್ತದೆ, ಗುಂಡಿ ಇದ್ದ ಕಚ್ಚು ತೆರೆದಿರುವುದನ್ನು ಸ್ಲಾಟ್ ಹಾಗೆ ಅರ್ಥಮಾಡಿಕೊಳ್ಳುತ್ತದೆ ಅಷ್ಟೆ. ಫೋಟೋಗಳಿಗೆ ಏನೂ ಆಗಿರುವುದಿಲ್ಲ, ಕಾಪಿ ಮಾಡಿಕೊಳ್ಳಬಹುದು. ಕಚ್ಚಿಗೆ ಟೇಪ್ ಅಂಟಿಸಿ ಬಳಸುವವರಿದ್ದಾರೆ. ಆ ಟೇಪ್ ಸ್ಲಾಟಿನೊಳಗೆ ಬಿಟ್ಟುಕೊಂಡರೆ ಸರ್ವಿಸ್ ಖರ್ಚು ಹೊಸ ಕಾರ್ಡಿನ ಬೆಲೆಯನ್ನೂ ಮೀರಬಹುದು. ಅಂಥದ್ದನ್ನು ನಾನು ಮನೆಯ ಬಳಕೆಗೂ ಇಟ್ಟುಕೊಳ್ಳುವುದಿಲ್ಲ.