ಫಳಫಳ ಹೊಳೆಯದ ನೆಲ

ಟೈಲ್ಸ್ ಅಂಗಡಿಗೆ ಹೋಗುವಾಗ ನನ್ನ ಚೀಲದಲ್ಲಿ ಒಂದು ಬಾಟಲಿ ನೀರು, ಸೋಪಿನ ತುಂಡು, ಸಣ್ಣ ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ ಇರುತ್ತದೆ. ಹಾಸನದ ಬಿ.ಎಂ. ರಸ್ತೆಯ ಅಂಗಡಿಯೊಂದರಲ್ಲಿ ಇವನ್ನೆಲ್ಲ ಹೊರಗೆ ತೆಗೆದಾಗ ಅಲ್ಲಿನ ಹುಡುಗ ಪೂಜೆ ಸಾಮಾನು ಅಂದುಕೊಂಡ. ಟೈಲನ್ನು ನೆಲದ ಮೇಲಿಟ್ಟು, ಚಪ್ಪಲಿ ಬಿಟ್ಟು, ನೀರು ಸುರಿದು ಜಾರುತ್ತದಾ ಅಂತ ಕಾಲಲ್ಲಿ ತಿಕ್ಕಿ ನೋಡುತ್ತೇನೆ. ಆಮೇಲೆ ಸೋಪು ಹಚ್ಚಿ, ಕೊನೆಗೆ ಎಣ್ಣೆ ಸವರಿ. ಅಂಗಡಿಯವರಿಗೆ ಕಿರಿಕಿರಿ ಆಗುತ್ತೆ, ನಿಜ. ಆದರೆ ಅರ್ಧಕ್ಕರ್ಧ ಟೈಲ್ಸ್ ಅಲ್ಲೇ ನನ್ನ ಪಟ್ಟಿಯಿಂದ ಕಳಚಿಕೊಳ್ಳುತ್ತವೆ.

ಚಿಕ್ಕಮಗಳೂರಿನ ಹೊರಗೆ ಹಿರಿಯರ ವಸತಿಯೊಂದರ ಸಿವಿಲ್ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಟ್ಟಿಸುವವರಿಗೆ ಪಾಲಿಶ್ ಮಾಡಿದ ವಿಟ್ರಿಫೈಡ್ ಟೈಲ್ಸ್ ಬೇಕಿತ್ತು, ಎರಡಡಿಗೆ ಎರಡಡಿಯದು, ಮುಖ ಕಾಣುವಂಥದ್ದು. ಅಪ್ಪ ಅಮ್ಮನನ್ನು ಸೇರಿಸಲು ಬೆಂಗಳೂರಿನಿಂದ ಬರುವ ಮಕ್ಕಳು ಮೊದಲು ನೋಡುವುದೇ ಲಾಬಿಯನ್ನು, ಅದು ಹೋಟೆಲ್ ಥರ ಇರಬೇಕು ಅಂತ ಅವರ ವಾದ. ಸುಳ್ಳೇನಲ್ಲ. ಆದರೆ ಆ ಮಕ್ಕಳು ಕಾಫಿ ಕುಡಿದು ಹೊರಟುಬಿಡುತ್ತಾರೆ. ನಡುರಾತ್ರಿ ನಿದ್ದೆಗಣ್ಣಲ್ಲಿ ಬಚ್ಚಲಿಗೆ ಎದ್ದು ಹೋಗುವವರು ಅಜ್ಜ ಅಜ್ಜಿಯರು. ಅವರ ಕಾಲಿಗೆ, ಅವರ ಕಣ್ಣಿಗೆ ಸರಿಹೋಗುವ ನೆಲ ಹಾಕೋಣ ಅಂತ ಪಟ್ಟು ಹಿಡಿದೆ.

ಟೈಲ್ಸ್ ಕ್ಯಾಟಲಾಗಿನಲ್ಲಿ ಆರ್9, ಆರ್10, ಆರ್11 ಅಂತ ಬರೆದಿರುತ್ತಾರೆ. ಇದು ನೆಲ ಎಷ್ಟು ಜಾರುತ್ತದೆ ಅಂತ ಅಳೆಯುವ, ಜರ್ಮನಿಯ ಡಿಐಎನ್ 51130 ಮಾನದಂಡದಿಂದ ಬಂದ ಲೆಕ್ಕ. ಇಳಿಜಾರು ಹಲಗೆಗೆ ಟೈಲ್ಸ್ ಕೂರಿಸಿ, ಎಣ್ಣೆ ಸವರಿ, ಬೂಟು ಹಾಕಿದ ಮನುಷ್ಯನನ್ನು ನಡೆಸುತ್ತಾರೆ. ಹಲಗೆಯನ್ನು ಮೇಲೆತ್ತುತ್ತಾ ಹೋದಂತೆ ಎಲ್ಲಿ ಜಾರುತ್ತಾನೆ ಅಂತ ನೋಡುವುದು. ಕಮ್ಮಿ ಹಿಡಿತದ ಆರ್9ರಿಂದಲೇ ಸಾಲು ಶುರು, ಮುಗಿಯುವುದು ಆರ್13ಕ್ಕೆ. ಆದರೆ "ಆರ್9 ಇದೆ ಸಾರ್, ಫುಲ್ ಆಂಟಿ-ಸ್ಕಿಡ್" ಅನ್ನುವ ಮಾತು ನಾನು ಎಷ್ಟು ಅಂಗಡಿಯಲ್ಲಿ ಕೇಳಿದ್ದೇನೋ. ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಅಂದುಕೊಂಡಿರಬೇಕು! ಬರಿಗಾಲಿಗೆ ಬೇರೆ ಪರೀಕ್ಷೆ ಇದೆ, ಡಿಐಎನ್ 51097 ಹೆಸರಿನಲ್ಲಿ ಬಂದದ್ದು. ಅದರಲ್ಲಿ ಸೋಪಿನ ನೀರು ಬಳಸಿ ಎ, ಬಿ, ಸಿ ಅಂತ ಹಿಡಿತ ಹೆಚ್ಚಿದಂತೆ ಏರುವ ದರ್ಜೆ ಕೊಡುತ್ತಾರೆ. ನಮ್ಮವರು ಬಚ್ಚಲಿಗೆ ಹೋಗುವುದು ಬರಿಗಾಲಲ್ಲಿ. ವಾರಕ್ಕೊಮ್ಮೆ ತಲೆಗೆ ಎಣ್ಣೆ ಬೇರೆ. ಹಾಗಾಗಿ ನನಗೆ ಎರಡೂ ಬೇಕಿತ್ತು. ಬಚ್ಚಲಿಗೆ ಆರ್11 ಜೊತೆಗೆ ಬಿ, ರೂಮು ಮತ್ತು ಕಾರಿಡಾರಿಗೆ ಹೊಳಪಿಲ್ಲದ, ಅಂದರೆ ಮ್ಯಾಟ್, ಆರ್10.

ಹಾಗಂತ ಒರಟು ಜಾಸ್ತಿಯಾದರೂ ಕಷ್ಟ. ಕಾಲೆಳೆದು ನಡೆಯುವವರು ತೀರಾ ತರಕಲು ನೆಲದಲ್ಲಿ ಮುಗ್ಗರಿಸುತ್ತಾರೆ. ಕೊಳೆ ಕೂತರೆ ತಿಕ್ಕಿದರೂ ಹೋಗಲ್ಲ. ಎಲೆಅಡಿಕೆ ಹಾಕುವವರಿರುವ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಕೆಂಪು ನೆಲ, ಅಂದರೆ ರೆಡ್ ಆಕ್ಸೈಡ್, ಹಾಕಿಸೋಣ ಅಂತ ಹಿರಿಯರೊಬ್ಬರು ಆಸೆಪಟ್ಟರು. ನನಗೂ ಇಷ್ಟವೇ. ಆದರೆ ನಮ್ಮ ಮಳೆಗಾಲದಲ್ಲಿ ನೆಲ ಬೆವರುತ್ತದೆ. ನಯವಾದ ಕೆಂಪು ನೆಲದ ಮೇಲೆ ಆ ತೇವ ಕೂತರೆ ಹರೆಯದವರೂ ಜಾರುತ್ತಾರೆ. ಅವರ ಮನಸ್ಸಿಗೆ ಸಮಾಧಾನ ಆಗಲಿ ಅಂತ ಜಗಲಿಯ ಕಟ್ಟೆಗೆ ಹಾಕಿಸಿದೆ. ಕೂರುವ ಜಾಗದಲ್ಲಿ ಅದು ಚೆಂದ.

ಹಾಸಿಗೆ ಹಿಡಿದವರ ವಿಭಾಗಕ್ಕೆ ಮಾತ್ರ 2 ಮಿಲಿಮೀಟರಿನ ವಿನೈಲ್ ಶೀಟ್. ಜೋಡಣೆಗಳನ್ನು ಬಿಸಿ ಮಾಡಿ ಬೆಸೆದು, ಗೋಡೆಯಂಚಿನಲ್ಲಿ ನಾಲ್ಕು ಇಂಚು ಮೇಲಕ್ಕೆ ಮಡಿಸಿ ಅಂಟಿಸುತ್ತಾರೆ. ಮೂತ್ರ ಬಿದ್ದರೆ ಇಳಿಯಲು ಸಂದಿಯೇ ಇರಲ್ಲ, ವಾಸನೆಯೂ ನಿಲ್ಲಲ್ಲ. ಕಾಲಿಗೆ ಟೈಲ್ಸಿನಷ್ಟು ತಣ್ಣಗೆ ಅನ್ನಿಸಲ್ಲ. ಇದಕ್ಕೆ ಶತ್ರು ಅಂದರೆ ಕೆಳಗಿನ ಕಾಂಕ್ರೀಟಿನ ತೇವ. ಸಿಮೆಂಟ್ ಪದರ ಮಿಲಿಮೀಟರಿಗೆ ಒಂದು ದಿನದಂತೆ ಒಣಗುತ್ತದೆ ಅನ್ನುವ ಲೆಕ್ಕ ಚಾಲ್ತಿಯಲ್ಲಿದೆ, ಆದರೆ ಜುಲೈ ತಿಂಗಳ ಚಿಕ್ಕಮಗಳೂರಿನಲ್ಲಿ ಅದು ನಡೆಯಲ್ಲ. ಪಾಲಿಥೀನ್ ಹಾಳೆಯ ತುಂಡನ್ನು ನೆಲಕ್ಕೆ ಹಾಸಿ, ನಾಲ್ಕೂ ಕಡೆ ಟೇಪ್ ಹಚ್ಚಿ ಮಾರನೆಯ ದಿನ ತೆಗೆದು ನೋಡುತ್ತಿದ್ದೆವು. ಒಳಗೆ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟಿನ ಬಣ್ಣ ಕಪ್ಪಾಗಿದ್ದರೆ ಕೆಲಸ ಮುಂದೂಡುವುದು. ವಿನೈಲ್ ಕಂಪನಿಯ ಹುಡುಗರು ಅವಸರ ಮಾಡಿದರು. ಬೇಸಿಗೆ ಬರಲಿ ಅಂದೆ, ಫೆಬ್ರವರಿಯಲ್ಲೇ ಅಂಟಿಸಿದ್ದು.

ಹೊಸಿಲಿನದೇ ದೊಡ್ಡ ಪಂಚಾಯಿತಿ. "ಹೊಸಿಲಿಲ್ಲದ್ದು ಎಂಥ ಮನೆ ಸಾರ್?" ಅಂತ ನಮ್ಮ ಮೇಸ್ತ್ರಿ. ವಾಕರ್ ಹಿಡಿದು ಬರುವವರಿಗೆ ಒಂದಿಂಚಿನ ಹೊಸಿಲೂ ಗೋಡೆಯೇ. ರೂಮು, ಬಚ್ಚಲುಗಳಿಗೆ ಹೊಸಿಲೇ ಬೇಡ ಅಂದೆ. ಹೆಬ್ಬಾಗಿಲಿಗೆ ಮಾತ್ರ ಗ್ರಾನೈಟ್ ಪಟ್ಟಿ ಇಟ್ಟೆವು. ಎತ್ತರ 12 ಮಿಲಿಮೀಟರ್ ದಾಟದ ಹಾಗೆ ಎರಡೂ ಕಡೆ ಇಳಿಜಾರಾಗಿ ಉಜ್ಜಿಸಿದೆ. ಈಗ ಅಲ್ಲಿನ ಅಜ್ಜಿಯೊಬ್ಬರು ಶುಕ್ರವಾರ ಅದಕ್ಕೇ ಅರಿಶಿನ ಕುಂಕುಮ ಹಚ್ಚಿ ಹೂವಿಡುತ್ತಾರೆ. ಮೇಸ್ತ್ರಿ ಸುಮ್ಮನಾದ.

ಹೊಸಿಲು ತೆಗೆದರೆ ಬಚ್ಚಲಿನ ನೀರು ರೂಮಿಗೆ ಬರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬರುತ್ತದೆ, ಸ್ಲ್ಯಾಬ್ ಹಾಕುವ ಮುಂಚೆಯೇ ಯೋಚನೆ ಮಾಡದಿದ್ದರೆ. ಬಚ್ಚಲಿನ ಸ್ಲ್ಯಾಬನ್ನು ಮೊದಲೇ ಕೆಳಗಿಳಿಸಿಕೊಂಡರೆ ಮೇಲೆ ಇಳಿಜಾರು ಕೊಡಲು ಜಾಗ ಸಿಗುತ್ತದೆ. ಮೀಟರಿಗೆ 12 ಮಿಲಿಮೀಟರಿನಷ್ಟು ಇಳಿಜಾರು ಕೊಟ್ಟು, ಮೂಲೆಯ ನಹಾನಿ ಟ್ರ್ಯಾಪ್, ಅಂದರೆ ನೀರು ಇಳಿಯುವ ತೂತಿನ, ಬದಲು ಸ್ನಾನದ ಕಡೆಯ ಗೋಡೆಯುದ್ದಕ್ಕೂ ಜಾಲರಿ ಚರಂಡಿ ಇಟ್ಟೆವು. ವಿನೈಲ್ ಮತ್ತು ಟೈಲ್ಸ್ ಸೇರುವ ಕಡೆಯೂ ಹಾಗೆಯೇ. ಟೈಲ್ಸ್, ಅದರ ಕೆಳಗಿನ ಗಾರೆ ಸೇರಿ ಎರಡಿಂಚು ಆಗುತ್ತದೆ, ವಿನೈಲ್ ಕಾಗದದಷ್ಟೇ. ಎರಡೂ ಒಂದೇ ಮಟ್ಟಕ್ಕೆ ಬರಬೇಕಾದರೆ ಯಾವ ಕೋಣೆಗೆ ಯಾವ ನೆಲ ಅನ್ನುವುದು ಕಂಬಿ ಕಟ್ಟುವ ಹೊತ್ತಿಗೇ ತೀರ್ಮಾನ ಆಗಿರಬೇಕು.

ಇನ್ನು ಬಣ್ಣ. ಮರೆವಿನ ಕಾಯಿಲೆ ಇರುವವರಿಗೆ ನೆಲದ ಮೇಲಿನ ಕಪ್ಪು ಪಟ್ಟಿ ಗುಂಡಿಯ ಹಾಗೆ ಕಾಣಬಹುದು, ಹೊಳಪು ನೀರು ನಿಂತ ಹಾಗೆ. ದಾಟಲು ಹೆದರಿ ನಿಂತುಬಿಡುತ್ತಾರೆ, ಇಲ್ಲವೇ ಕಾಲೆತ್ತಿ ಹಾರಲು ಹೋಗುತ್ತಾರೆ. ಅದಕ್ಕೇ ಕಾರಿಡಾರಿನ ಕಪ್ಪು ಗ್ರಾನೈಟ್ ಬಾರ್ಡರ್ ಕೈಬಿಟ್ಟೆವು. ಚುಕ್ಕಿ, ಹೂವು, ಅಮೃತಶಿಲೆಯ ಗೆರೆಗಳೂ ಬೇಡ ಅಂದೆ. ರೂಮಿನಿಂದ ಕಾರಿಡಾರಿಗೆ ನೆಲದ ಬಣ್ಣ ಹೆಚ್ಚುಕಮ್ಮಿ ಒಂದೇ, ಆದರೆ ಗೋಡೆ ಮಾತ್ರ ಎದ್ದು ಕಾಣುವಷ್ಟು ಬೇರೆ. ಬಚ್ಚಲಿನ ನೆಲಕ್ಕೆ ಮಣ್ಣಿನ ಬಣ್ಣ ಆರಿಸಿದ್ದಕ್ಕೂ ಕಾರಣ ಇದೆ. ಬಿಳಿ ನೆಲದ ಮೇಲೆ ಬಿಳಿ ಕಮೋಡ್ ಇಟ್ಟರೆ ಮಂಜಾದ ಕಣ್ಣಿಗೆ ಅದರ ಅಂಚು ಕಾಣಲ್ಲ, ಕೂರಲು ಹೋಗಿ ಪಕ್ಕಕ್ಕೆ ಬೀಳುತ್ತಾರೆ.

ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟ್ ಹಾಕಿಸಿ. ದುಡ್ಡು ಜಾಸ್ತಿ, ಆದರೆ ಸಿಮೆಂಟ್ ಗ್ರೌಟ್ ಮೂತ್ರ ಹೀರುತ್ತದೆ. ಒರೆಸುವವರು ಬಕೆಟ್ಟಿಗೆ ಸೋಪು ಸುರಿದು ಹಾಗೇ ಬಿಟ್ಟರೆ ಆರ್11 ಕೂಡ ಜಾರುತ್ತದೆ, ಎರಡನೇ ಸಲ ಬರೀ ನೀರಲ್ಲಿ ಒರೆಸಬೇಕು. ಮತ್ತೆ, ಒಂದೇ ಬ್ಯಾಚಿನ ಟೈಲ್ಸ್ ಕೆಲವು ಪೆಟ್ಟಿಗೆ ಜಾಸ್ತಿ ತರಿಸಿ ಸ್ಟೋರಿನಲ್ಲಿಡಿ. ಬ್ಯಾಚ್ ಬದಲಾದರೆ ಬಣ್ಣವೂ ಒಂಚೂರು ಬದಲಾಗುತ್ತದೆ. ಕಾರಿಡಾರಿನ ಮಧ್ಯೆ ಒಡೆದ ಟೈಲಿನ ಜಾಗಕ್ಕೆ ಬೇರೆ ಬಣ್ಣದ್ದು ಕೂರಿಸಿದರೆ ನಮಗೆ ಅದು ತೇಪೆ, ಮರೆವಿನವರಿಗೆ ಅಲ್ಲೇನೋ ಬಿದ್ದಿದೆ ಅಂತ ಕಾಣುತ್ತದೆ, ಬಗ್ಗಿ ಎತ್ತಲು ಹೋಗುತ್ತಾರೆ.