ತೊರಕೆ ಚುಚ್ಚಿದರೆ ಬಿಸಿನೀರು, ಐಸ್ ಅಲ್ಲ

ಮಲ್ಪೆ ಹತ್ತಿರ ಕೈರಂಪಣಿ ಬಲೆ ಎಳೆಯುವಾಗ ನಮ್ಮ ಭಾವನ ಪಾದಕ್ಕೆ ತೊರಕೆ, ಅಂದರೆ ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು, ಚುಚ್ಚಿತು. ಮೊಣಕಾಲುದ್ದ ನೀರು, ಕದಡಿದ ಮರಳು, ಮೀನು ಕಾಣಲೇ ಇಲ್ಲ. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದವನು. ಆದರೂ ಗಾಬರಿಯಲ್ಲಿ ಮೀನಿನ ಪೆಟ್ಟಿಗೆಯಿಂದ ಐಸ್ ತಂದು ಗಾಯಕ್ಕೆ ಒತ್ತಿದೆ. ಭಾವ ಇನ್ನೂ ಜೋರಾಗಿ ಕೂಗಿದರು. ಬಲೆ ಎಳೆಯುತ್ತಿದ್ದ ಅಜ್ಜರೊಬ್ಬರು ನನ್ನ ಕೈಗೆ ಒಂದೇಟು ಕೊಟ್ಟು, "ಐಸ್ ಮೀನಿಗೆ ಮಾರಾಯ, ನೀರು ಕಾಯಿಸು" ಅಂದರು.

ಅವರು ಹೇಳಿದ್ದೇ ಸರಿ. ತೊರಕೆಯ ವಿಷ ಪ್ರೋಟೀನ್. ಮೊಟ್ಟೆಯ ಬಿಳಿಭಾಗ ಬಿಸಿಗೆ ಗಟ್ಟಿಯಾಗುತ್ತದೆ ಅಲ್ವಾ, ಹಾಗೆ ಈ ಪ್ರೋಟೀನಿನ ಮಡಿಕೆಗಳೂ ಬಿಸಿಗೆ ಬಿಚ್ಚಿಕೊಂಡು ಅದು ತನ್ನ ಆಕಾರ ಕಳೆದುಕೊಳ್ಳುತ್ತದೆ. ಆಕಾರ ಹೋದರೆ ಕೆಲಸವೂ ಹೋಯಿತು. ಬಿಸಿ ನೇರವಾಗಿ ನೋವನ್ನೂ ತಗ್ಗಿಸುತ್ತದೆ ಅನ್ನುವವರಿದ್ದಾರೆ. ಹೇಗೇ ಇರಲಿ, ಐಸ್ ವಿಷವನ್ನು ಹೀಗೆ ಕೆಡಿಸುವುದಿಲ್ಲ.

ಮೊದಲು ಗಾಯವನ್ನು ತೊಳೆಯಿರಿ. ರಕ್ತ ಜಾಸ್ತಿ ಬರುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಾಲಿಗೆ ಹಗ್ಗ ಬಿಗಿಯಬೇಡಿ, ಸುಣ್ಣ ಹಚ್ಚಬೇಡಿ. ಆಮೇಲೆ ಬಕೆಟ್. ಕುದಿಯುವ ನೀರು ಒಂದು ಚೊಂಬು ಹಾಕಿದರೆ ನಲ್ಲಿ ನೀರು ಮೂರು ಚೊಂಬು ಹಾಕಿ. ನಮ್ಮೂರಿನ ನಲ್ಲಿ ನೀರು ಸುಮಾರು 28 ಡಿಗ್ರಿ ಇರುತ್ತದೆ. ಲೆಕ್ಕ ಹಾಕಿದರೆ ಅದು 45 ಡಿಗ್ರಿಯ ಆಸುಪಾಸಿಗೆ ಬರುತ್ತದೆ, ನಮಗೆ ಬೇಕಾದದ್ದೂ ಅಷ್ಟೇ. ಬಿಸಿ ಸರಿಯಿದೆಯಾ ಅಂತ ನಿಮ್ಮ ಕೈ ಹಾಕಿ ನೋಡಿ. ಚುಚ್ಚಿಸಿಕೊಂಡವರನ್ನು ಕೇಳಬೇಡಿ, ಆ ನೋವಿನಲ್ಲಿ ಅವರಿಗೆ ಸುಟ್ಟರೂ ತಿಳಿಯುವುದಿಲ್ಲ. ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕಾಲು ನೀರಲ್ಲೇ ಇರಲಿ. ಆರುತ್ತಾ ಬಂದರೆ ಕಾಲು ಹೊರಗೆ ತೆಗೆಸಿ ಬಿಸಿನೀರು ಸೇರಿಸಿ. ಭಾವನ ಮುಖ ಇಪ್ಪತ್ತು ನಿಮಿಷಕ್ಕೆ ಸಡಿಲವಾಯಿತು. ಅರ್ಧ ಗಂಟೆಗೆ ಚಹಾ ಕೇಳಿದರು.

ನೋವು ಹೋಯಿತು ಅಂತ ಸುಮ್ನೆ ಕೂರಬೇಡಿ. ಮುಳ್ಳಿನ ಎರಡೂ ಅಂಚಿನಲ್ಲಿ ಹಿಂದಕ್ಕೆ ಬಾಗಿದ ಗರಗಸದ ಹಲ್ಲುಗಳಿರುತ್ತವೆ, ಮೇಲೆ ತೆಳು ಚರ್ಮ. ಅದರ ಚೂರು ಒಳಗೇ ಉಳಿದರೆ ಗಾಯ ಕೀವಾಗುತ್ತದೆ. ಎಕ್ಸ್‌ರೇ, ಟಿಟಿ ಇಂಜೆಕ್ಷನ್ ಎರಡಕ್ಕೂ ಡಾಕ್ಟರ ಹತ್ತಿರ ಹೋಗಲೇಬೇಕು. ಎದೆ, ಹೊಟ್ಟೆ, ಕುತ್ತಿಗೆಗೆ ನಾಟಿದ್ದರೆ ಮುಳ್ಳು ಕೀಳಬೇಡಿ, ಹಾಗೇ ಆಸ್ಪತ್ರೆಗೆ ಕರೆದೊಯ್ಯಿರಿ. ಸತ್ತ ತೊರಕೆಯ ಮುಳ್ಳೂ ಚುಚ್ಚುತ್ತದೆ ಅನ್ನುವುದು ಮೀನು ಆರಿಸುವವರಿಗೆ ನೆನಪಿರಲಿ. ನೀರಿಗಿಳಿದಾಗ ಪಾದ ಎತ್ತಿಡದೆ ಮರಳಲ್ಲಿ ಎಳೆದುಕೊಂಡು ನಡೆಯಿರಿ. ಆ ಕದಲಿಕೆಗೆ ತೊರಕೆ ತಾನೇ ಜಾಗ ಬಿಟ್ಟು ಓಡುತ್ತದೆ.

ಬಿಸಿಗೆ ವಿಷ ಸೋಲುತ್ತದೆ ಅಂತ ಗೊತ್ತಾದ ಮೇಲೆ ಭಾವನಿಗೆ ಧೈರ್ಯ ಜಾಸ್ತಿಯಾಯಿತು. ಬಲೆ ಕಡಿದು ಹಾಕುವ ಆ ಹೊಟ್ಟೆ ಉಬ್ಬಿಸುವ ಪಫರ್ ಮೀನು ಗೊತ್ತಲ್ವಾ? "ಅದನ್ನೂ ಚೆನ್ನಾಗಿ ಕುದಿಸಿ ತಿನ್ನಬಹುದಲ್ಲ?" ಅಂತ ಕೇಳಿದರು. ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ.

ಅದರ ವಿಷ ಟೆಟ್ರೊಡೊಟಾಕ್ಸಿನ್, ಪ್ರೋಟೀನ್ ಅಲ್ಲ. ಬಿಚ್ಚಿಕೊಳ್ಳಲು ಅದರಲ್ಲಿ ಮಡಿಕೆಯೇ ಇಲ್ಲದ ಪುಟ್ಟ, ಗಟ್ಟಿ ಅಣು.  ಸಾರು ಎಷ್ಟು ಕುದಿಸಿದರೂ ಹೋಗುವುದಿಲ್ಲ. 1909ರಲ್ಲಿ ಜಪಾನಿನ ವಿಜ್ಞಾನಿ ತಾಹಾರಾ ಅದಕ್ಕೆ ಹೆಸರಿಟ್ಟರು, ರಚನೆ ಬಿಡಿಸಲು 1964ರವರೆಗೆ ಕಾಯಬೇಕಾಯಿತು. ನರದ ಗೋಡೆಯಲ್ಲಿ ಸೋಡಿಯಂ ಒಳಬರುವ ಸಣ್ಣ ಬಾಗಿಲುಗಳಿವೆ. ಸೋಡಿಯಂ ಬಂದರೆ ಮಾತ್ರ ನರದ ಸುದ್ದಿ ಮುಂದೆ ಸಾಗುತ್ತದೆ. ಈ ಅಣು ಬಾಟಲಿಗೆ ಬಿರಡೆ ಹಾಕಿದ ಹಾಗೆ ಆ ಬಾಯಿಗೆ ಕೂರುತ್ತದೆ. ಆ ಮೀನಿನ ಬಾಗಿಲುಗಳ ಆಕಾರ ಸ್ವಲ್ಪ ಬೇರೆ, ಅದಕ್ಕೇ ಅದಕ್ಕೇನೂ ಆಗುವುದಿಲ್ಲ.

ಹಾಗಾಗಿ ಇದಕ್ಕೆ ಅಡುಗೆಯ ಉಪಾಯ ಇಲ್ಲ, ತಿನ್ನದಿರುವುದೊಂದೇ ದಾರಿ. ಯಾರಾದರೂ ತಿಂದು ತುಟಿ, ನಾಲಿಗೆ ಜುಮ್ಮೆಂದರೆ ವಾಂತಿಗೆ ಕಾಯಬೇಡಿ, ಕೂಡಲೇ 108ಕ್ಕೆ ಫೋನ್ ಮಾಡಿ. ಇದಕ್ಕೆ ಮದ್ದಿಲ್ಲ. ವಿಷ ಇಳಿಯುವವರೆಗೆ ವೆಂಟಿಲೇಟರ್‌ನಲ್ಲಿ ಉಸಿರಾಡಿಸುತ್ತಾರೆ. ದಾರಿಯಲ್ಲೇ ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ನೀವೇ ಉಸಿರು ಕೊಡಬೇಕು. ಕೈಕಾಲು, ರೆಪ್ಪೆ ಅಲ್ಲಾಡದಿದ್ದರೂ ಅವರಿಗೆ ಎಚ್ಚರ ಇರಬಹುದು, ಎಲ್ಲ ಕೇಳಿಸುತ್ತಿರಬಹುದು. ಪಕ್ಕದಲ್ಲಿ ಕೂತು "ಹೋಯ್ತು" ಅಂತ ಅಳಬೇಡಿ. ಹೆಸರು ಹಿಡಿದು ಮಾತಾಡಿಸುತ್ತಾ ಇರಿ.